ಗಂಟೆ ಹೊಡೆಯೋರು ಯಾರು, ಕಸ ಗುಡಿಸೋರು ಯಾರು?

ಹೋದ ಸಂಚಿಕೆಯಲ್ಲಿ ‘ಹೆಣ್ಣುಮಕ್ಕಳ ಕೆಲಸ, ಗಂಡುಮಕ್ಕಳ ಕೆಲಸ ಅಂತ ನಿಮ್ಮನೇಲೂ ಇದೆಯಾ? ಬರೀರಿ’ ಅಂತ ಕೇಳಿದ್ದೆ. ಕೇಳಿದ್ದೇ ತಪ್ಪಾಯ್ತೇನೋ! ಕಾಗದಗಳ ರಾಶಿ ಬಂದಿದೆ. ವಾಟ್ಸಾಪಿನಲ್ಲಿ ಬಂದದ್ದು ಬೇರೆ. ಎಲ್ಲಕ್ಕೂ ಇಲ್ಲಿ ಜಾಗ ಇಲ್ಲ, ಆರನ್ನು ಆರಿಸಿದ್ದೇನೆ. ನನ್ನನ್ನು ಬೈದು ಬರೆದದ್ದೂ ಒಂದಿದೆ.

ಪ್ರಶ್ನೆ: ಅಕ್ಕ, ನಾನು ಖಾಸಗಿ ಶಾಲೆಯಲ್ಲಿ ಟೀಚರ್. ಗಂಡನಿಗೆ ಅಂಗಡಿ ಇದೆ. ಒಳ್ಳೆಯವರೇ. ಭಾನುವಾರ ತರಕಾರಿ ಹೆಚ್ಚಿಕೊಡುತ್ತಾರೆ, ಮಗುವಿಗೆ ಸ್ನಾನ ಮಾಡಿಸುತ್ತಾರೆ. ‘ಇಷ್ಟು ಹೆಲ್ಪ್ ಮಾಡೋ ಗಂಡ ಯಾರಿಗೆ ಸಿಗ್ತಾನೆ’ ಅಂತ ಎಲ್ಲರೂ ಹೇಳುತ್ತಾರೆ. ಆದರೂ ರಾತ್ರಿ ಮಲಗುವಾಗ ನನಗೆ ಸಿಟ್ಟು ಬರುತ್ತದೆ. ಅತ್ತೆ ಎದುರಿಗೆ ಅವರು ಪಾತ್ರೆ ಮುಟ್ಟುವುದಿಲ್ಲ. ತಪ್ಪು ನನ್ನದೇನಾ?
— ಹೆಸರು ಬೇಡ, ಹರಿಹರ

ತಪ್ಪಿಲ್ಲ ಕಣಮ್ಮ. ನಿನಗೆ ಚುಚ್ಚುತ್ತಿರುವುದು ಆ ‘ಹೆಲ್ಪ್’ ಅನ್ನೋ ಮಾತು. ಪಕ್ಕದ ಮನೆಯವರ ಹಪ್ಪಳಕ್ಕೆ ಕೈ ಹಚ್ಚಿದರೆ ಸಹಾಯ ಅನ್ನಬಹುದು. ತಾನು ಉಂಡ ತಟ್ಟೆ ತಾನೇ ತೊಳೆದರೆ ಅದು ಯಾರಿಗೆ ಮಾಡಿದ ಸಹಾಯ?

ನಮ್ಮನೆ ಕಥೆಯನ್ನೇ ಹೇಳ್ತೀನಿ. ಮದುವೆಯಾಗಿ ಹನ್ನೆರಡು ವರ್ಷ ಆಗಿತ್ತು. ಹತ್ತು ದಿನದ ತರಬೇತಿಗೆ ಅಂತ ನಾನು ಬೇರೆ ಊರಿಗೆ ಹೋಗಿದ್ದೆ. ಯಜಮಾನರು ಎರಡು ಮಕ್ಕಳನ್ನ ನೋಡಿಕೊಂಡು, ಅನ್ನ ಸಾರು ಉಪ್ಪಿಟ್ಟು ಮಾಡಿಕೊಂಡು ಚೆನ್ನಾಗೇ ನಡೆಸಿದರು. ನಾಲ್ಕನೇ ದಿನ ಬೆಳಿಗ್ಗೆ ಏಳು ಗಂಟೆಗೆ ತರಬೇತಿ ಕೇಂದ್ರಕ್ಕೆ ಫೋನ್ ಬಂತು. ಗಾಬರಿಯಾಗಿ ಓಡಿದೆ. ‘ಮಕ್ಕಳು ದೋಸೆ ಕೇಳ್ತಿದ್ದಾರೆ. ಹಿಟ್ಟು ಎಲ್ಲಿಟ್ಟಿದೀಯ?’ ಅಂದರು. ಅವರಿಗೆ ದೋಸೆ ಹುಯ್ಯೋದು ಬರುತ್ತಿತ್ತು, ನನಗಿಂತ ತೆಳ್ಳಗೆ ಹುಯ್ಯುತ್ತಿದ್ದರು. ಆದರೆ ಹಿಂದಿನ ದಿನ ಮಧ್ಯಾಹ್ನವೇ ಯಾರಾದರೂ ಅಕ್ಕಿ, ಉದ್ದು, ನಾಲ್ಕು ಕಾಳು ಮೆಂತ್ಯ ನೆನೆ ಹಾಕಿ, ರಾತ್ರಿ ರುಬ್ಬಿಟ್ಟರೆ ಮಾತ್ರ ಬೆಳಿಗ್ಗೆ ಹಿಟ್ಟು ಇರುತ್ತೆ ಅನ್ನೋದು ಹನ್ನೆರಡು ವರ್ಷ ದೋಸೆ ತಿಂದರೂ ತಲೆಗೆ ಬಂದಿರಲಿಲ್ಲ. ಕೆಟ್ಟ ಮನುಷ್ಯ ಅಲ್ಲ. ನೆನೆ ಹಾಕೋದನ್ನ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ನನಗೆ ಯಾವಾಗ ಹೇಳಿಕೊಟ್ಟರು ಅಂತ ಯೋಚಿಸಿದೆ. ನೆನಪೇ ಇಲ್ಲ. ಅಷ್ಟು ಚಿಕ್ಕವಳಿದ್ದೆ.

ನಿನ್ನ ಗಂಡ ತರಕಾರಿ ಹೆಚ್ಚುತ್ತಾರೆ, ಸರಿ. ಮಗುವಿಗೆ ಬದನೆಕಾಯಿ ತಿಂದರೆ ಕಡಿತ ಶುರುವಾಗುತ್ತೆ, ಮನೇಲಿ ಹುಣಸೆಹಣ್ಣು ಮುಗೀತಾ ಬಂದಿದೆ, ಬುಧವಾರ ಅತ್ತೆಯ ಬಿಪಿ ಮಾತ್ರೆ ತರಬೇಕು ಅನ್ನೋದು ಯಾರ ತಲೆಯಲ್ಲಿದೆ? ರಾತ್ರಿ ಬರೋ ಸಿಟ್ಟು ಅದೇ ತಲೆಯಿಂದ ಬರುತ್ತಿದೆ.

ಯಾರು ಹೊತ್ತು ಹೇಗೆ ಕಳೀತಾರೆ ಅಂತ ಕೇಂದ್ರ ಸರ್ಕಾರವೇ ಲೆಕ್ಕ ತೆಗೆಸಿದೆ. 2024ರ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮನೆಗೆಲಸ ಮಾಡುವ ಗಂಡಸರು 88 ನಿಮಿಷ. 2019ರಲ್ಲಿ ಇದೇ ಲೆಕ್ಕ 299 ಮತ್ತು 97 ಇತ್ತು. ಹೆಂಗಸರದ್ದು ಹತ್ತು ನಿಮಿಷ ಇಳಿಯಿತಲ್ಲ ಅಂತ ಖುಷಿಪಡುವಷ್ಟರಲ್ಲಿ ನೋಡಿದರೆ ಗಂಡಸರದ್ದೂ ಒಂಬತ್ತು ನಿಮಿಷ ಇಳಿದಿದೆ! ಮಿಕ್ಸಿ, ವಾಷಿಂಗ್ ಮಷಿನ್ನಿನ ಪುಣ್ಯ ಇರಬೇಕು. ಆ 2019ರ ಲೆಕ್ಕದಲ್ಲೇ ಇನ್ನೊಂದು ಅಂಕಿ ಇದೆ. ಒಂದು ದಿನದಲ್ಲಿ ಮನೆಗೆಲಸ ಅಂತ ಏನಾದರೂ ಮಾಡಿದ ಗಂಡಸರು ನೂರಕ್ಕೆ 26 ಮಂದಿ ಮಾತ್ರ. ಮಿಕ್ಕವರು ಆ 97 ನಿಮಿಷದ ಲೆಕ್ಕಕ್ಕೇ ಬಂದಿಲ್ಲ.

‘ಗಂಡಸರಿಗೆ ಅಡುಗೆಮನೆ ಒಗ್ಗಲ್ಲ’ ಅಂತ ಅತ್ತೆ ಹೇಳಿದರೆ ಒಂದು ಸಲ ನಮ್ಮ ದಾವಣಗೆರೆಗೆ ಕರ್ಕೊಂಡು ಬಾ. ಬೆಣ್ಣೆ ದೋಸೆ ಶುರು ಮಾಡಿದ್ದು ಚೆನ್ನಮ್ಮ ಅನ್ನೋ ಹೆಣ್ಣುಮಗಳು ಅಂತ ಇಲ್ಲಿ ಹೇಳುತ್ತಾರೆ. ಈಗ ಯಾವ ಹೋಟೆಲಿಗೆ ಹೋದರೂ ಕಾವಲಿ ಮುಂದೆ ನಿಂತು ಬೆವರು ಒರೆಸಿಕೊಳ್ಳುವವರು ಗಂಡಸರೇ. ಮದುವೆ ಅಡುಗೆಗೂ ಗಂಡಸರೇ ಬರುತ್ತಾರೆ. ದುಡ್ಡು ಬರೋ ಕಡೆ ಒಲೆ ಒಗ್ಗುತ್ತೆ, ಅಲ್ವಾ?

ಮಾಡೋದೇನು ಅಂದರೆ, ಸಣ್ಣಪುಟ್ಟ ಕೆಲಸ ಹಂಚಬೇಡ. ಒಂದು ಕೆಲಸವನ್ನ ಬೇರುಸಹಿತ ಕೊಟ್ಟುಬಿಡು. ವಾರಕ್ಕೆ ಮೂರು ದಿನ ಬೆಳಗಿನ ತಿಂಡಿ ಅವರದ್ದು. ನೆನೆ ಹಾಕೋದರಿಂದ ಪಾತ್ರೆ ತೊಳೆದು ಬೋರಲು ಹಾಕೋವರೆಗೆ. ನೀನು ನೆನಪಿಸಕೂಡದು. ಹಿಟ್ಟು ಇಲ್ಲದಿದ್ದರೆ ಆ ದಿನ ಬ್ರೆಡ್ಡು. ಅತ್ತೆ ಎದುರಿಗೂ ಅವರೇ ಸಿಂಕಿನ ಹತ್ತಿರ ಹೋಗಬೇಕು, ನೀನು ಕಳಿಸಿದ ಹಾಗೆ ಕಾಣಬಾರದು. ಕಂಡರೆ ಬೈಗುಳ ನಿನ್ನ ಪಾಲಿಗೆ ಬರುತ್ತೆ.

ಪ್ರಶ್ನೆ: ಟೀಚರಮ್ಮ, ನಾನು ಒಂಬತ್ತನೇ ಕ್ಲಾಸ್. ನಮ್ಮ ಶಾಲೆಯಲ್ಲಿ ಕ್ಲಾಸ್ ರೂಮು ಗುಡಿಸೋದು, ರಂಗೋಲಿ ಹಾಕೋದು, ಟೀಚರ್‌ಗಳ ಲೋಟ ತೊಳೆಯೋದು ಎಲ್ಲಾ ಹುಡುಗಿಯರೇ. ಹುಡುಗರು ಆಗ ಗ್ರೌಂಡಿನಲ್ಲಿರ್ತಾರೆ. ಕೇಳಿದರೆ ‘ನಿಮಗೆ ನೀಟಾಗಿ ಬರುತ್ತೆ’ ಅಂತಾರೆ. ಕಂಪ್ಲೇಂಟ್ ಕೊಡಬಹುದಾ?
— ಒಬ್ಬ ಓದುಗಿ, ಹಿರಿಯೂರು ತಾಲ್ಲೂಕು

ಪುಟ್ಟಿ, ನಿನ್ನ ಕಾಗದ ಓದಿ ನನಗೆ ನಾಚಿಕೆಯಾಯ್ತು. ಯಾಕೆ ಅಂದರೆ ಆ ಟೀಚರ್ ನಾನೂ ಆಗಿದ್ದೆ.

1989ರಲ್ಲಿ ನಾನು ಜಗಳೂರು ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿದ್ದೆ. ಎರಡು ಕೋಣೆ, ಒಂದು ಬೇವಿನ ಮರ. ಗುಡಿಸೋದು, ಶುಕ್ರವಾರ ಸಗಣಿ ಹಾಕಿ ಸಾರಿಸೋದು, ಕೊಳಾಯಿಯಿಂದ ಬಿಂದಿಗೆಯಲ್ಲಿ ನೀರು ತರೋದು ಹೆಣ್ಣುಮಕ್ಕಳ ಪಾಲು. ಗಂಟೆ ಹೊಡೆಯೋದು, ಬಾವುಟದ ಕಂಬ ನೆಡೋದು, ಹೆಡ್ ಮಾಸ್ತರಿಗೆ ಎಲೆಅಡಿಕೆ ತರೋದು ಗಂಡುಮಕ್ಕಳ ಪಾಲು. ಹಾಜರಿ ಪುಸ್ತಕದಲ್ಲೂ ಹುಡುಗರೆಲ್ಲ ಮುಗಿದ ಮೇಲೆ ಹುಡುಗಿಯರು. ಹೀಗೆ ಮಾಡಿ ಅಂತ ಯಾವ ಸರ್ಕಾರಿ ಆದೇಶವೂ ಬಂದಿರಲಿಲ್ಲ. ನಾನು ಓದಿದ ಶಾಲೆಯಲ್ಲಿ ಹಾಗಿತ್ತು, ನಾನೂ ಹಾಗೇ ಮಾಡಿದೆ.

ಗಂಟೆ ಅಂದರೆ ಗಂಟೆಯಲ್ಲ. ಬೇವಿನ ಮರಕ್ಕೆ ತಂತಿಯಲ್ಲಿ ನೇತುಹಾಕಿದ ರೈಲು ಕಂಬಿಯ ತುಂಡು. ಹೊಡೆಯೋಕೆ ಒಂದು ಕಬ್ಬಿಣದ ಗುಂಡು. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಒಂದು ದಿನ ಬಂದು ‘ಮಿಸ್, ಇವತ್ತು ಗಂಟೆ ನಾನು ಹೊಡೀಲಾ?’ ಅಂದಳು. ನಾನು ತಲೆ ಎತ್ತಿಯೂ ನೋಡದೆ ‘ನಿನಗೆ ಎಟುಕಲ್ಲ, ಹೋಗು’ ಅಂದೆ. ಅವಳು ಹೋಗಲಿಲ್ಲ. ‘ಅವನಿಗೂ ಎಟುಕಲ್ಲ ಮಿಸ್, ಕಲ್ಲು ಇಟ್ಟುಕೊಂಡಿದ್ದಾನೆ’ ಅಂದಳು. ಎದ್ದು ಹೋಗಿ ನೋಡಿದೆ. ನಿಜ. ಮರದ ಬುಡದಲ್ಲಿ ಚಪ್ಪಡಿ ಕಲ್ಲಿತ್ತು. ದಿನಾ ಗಂಟೆ ಹೊಡೆಯೋ ಹುಡುಗ ಇವಳಿಗಿಂತ ಒಂದು ಗೇಣು ಗಿಡ್ಡ.

ಆ ದಿನ ಅವಳೇ ಹೊಡೆದಳು. ನಿಲ್ಲಿಸಲೇ ಇಲ್ಲ. ಹೊಲದಲ್ಲಿದ್ದವರು ಏನೋ ಆಯ್ತು ಅಂತ ಶಾಲೆ ಕಡೆ ನೋಡಿದರು.

ಮಾರನೇ ವಾರ ಸರದಿ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ಇಬ್ಬಿಬ್ಬರಂತೆ, ಹಾಜರಿ ಪುಸ್ತಕದ ಮೇಲಿಂದ ಒಂದು, ಕೆಳಗಿಂದ ಒಂದು ಹೆಸರು. ಹುಡುಗರು ಕಸವನ್ನೆಲ್ಲ ಬಾಗಿಲ ಹಿಂದೆ ತಳ್ಳಿ ಆಯ್ತು ಅನ್ನುತ್ತಿದ್ದರು. ಮೂರನೇ ದಿನಕ್ಕೆ ಒಬ್ಬ ಹುಡುಗನ ತಾಯಿ ಜಗಳಕ್ಕೆ ಬಂದರು. ‘ನನ್ನ ಮಗ ಕಸಬರಿಗೆ ಹಿಡಿಯೋಕೆ ಶಾಲೆಗೆ ಬರ್ತಾನಾ?’ ಅಂದರು. ಅವರ ಮಗಳೂ ಅದೇ ಶಾಲೆಯಲ್ಲಿದ್ದಳು. ‘ಮಗಳು ಹಿಡಿದಾಗ ಬರಲಿಲ್ವಲ್ಲಮ್ಮ’ ಅಂದೆ. ‘ಅವಳು ಹೇಗೂ ಕಲೀಬೇಕಲ್ಲ!’ ಅಂದರು. ಸುಮ್ನೆ ಅಂದ ಮಾತಲ್ಲ ಅದು. ಕಲಿಯದೆ ಹೋದರೆ ಅತ್ತೆಮನೆಯಲ್ಲಿ ಏನಾಗುತ್ತೆ ಅಂತ ಆ ತಾಯಿಗೆ ಗೊತ್ತಿತ್ತು. ನೀಟಾಗಿ ಬರೋದು ಹುಟ್ಟಿನಿಂದ ಬರಲ್ಲ ಪುಟ್ಟಿ, ಹೀಗೆ ಬರುತ್ತೆ. ವರ್ಷದ ಕೊನೆಗೆ ಹುಡುಗರ ಕಸವೂ ಬಾಗಿಲ ಹಿಂದೆ ಇರುತ್ತಿರಲಿಲ್ಲ.

ಕಂಪ್ಲೇಂಟ್‌ಗಿಂತ ಮೊದಲು ನೀನೇ ಒಂದು ಸರದಿ ಪಟ್ಟಿ ಬರೆದು ಕ್ಲಾಸ್ ಟೀಚರ್ ಕೈಗೆ ಕೊಡು. ಬರೆದು ಕೊಟ್ಟದ್ದನ್ನ ಇಲ್ಲ ಅನ್ನೋದು ಕಷ್ಟ, ನನ್ನ ಅನುಭವ. ಒಪ್ಪದಿದ್ದರೆ ನಿಮ್ಮ ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತಲ್ಲ, ಅಲ್ಲಿ ಎದ್ದು ನಿಂತು ಹೇಳು. ಲೋಟದ ವಿಷಯ ಬೇರೆ. ಟೀಚರ್ ಕುಡಿದ ಲೋಟ ಟೀಚರೇ ತೊಳೆಯಬೇಕು. ಆ ಕಾಲಕ್ಕೆ ನನಗೆ ಇದು ಹೊಳೆಯಲಿಲ್ಲ.

ಪ್ರಶ್ನೆ: ಸಮಾನತೆ ಸಮಾನತೆ ಅಂತ ಬರೀತೀರಲ್ಲ ಮೇಡಂ, ಹಾಗಾದರೆ ಬಸ್ಸು ಫ್ರೀ ಯಾಕೆ? ದುಡಿದು ಟಿಕೆಟ್ ತಗೊಳ್ಳೋ ಗಂಡಸು ನಿಂತಿರ್ತಾನೆ, ಹೆಂಗಸರು ಕೂತಿರ್ತಾರೆ. ಊರೂರು ಸುತ್ತಿ ಹೆಂಗಸರು ಹಾಳಾಗ್ತಿದ್ದಾರೆ.
— ನೊಂದ ಪ್ರಯಾಣಿಕ, ಚಿತ್ರದುರ್ಗ

2023ರ ಜೂನ್ 11ರಿಂದ ನಾನೂ ಆಧಾರ್ ತೋರಿಸಿ ಓಡಾಡುತ್ತಿದ್ದೇನೆ. ಅಕ್ಕಪಕ್ಕದಲ್ಲಿ ಕೂತವರನ್ನ ಮಾತಾಡಿಸೋದು ನನ್ನ ಚಟ. ಒಬ್ಬರು ಕಣ್ಣಿನ ಆಸ್ಪತ್ರೆಗೆ, ಒಬ್ಬರು ಗಾರ್ಮೆಂಟ್ ಕೆಲಸಕ್ಕೆ, ಒಬ್ಬರು ಬಾಣಂತಿ ಮಗಳನ್ನ ನೋಡೋಕೆ, ಒಬ್ಬರು ಧರ್ಮಸ್ಥಳಕ್ಕೆ. ಹಾಳಾಗೋಕೆ ಯಾವ ಸ್ಟಾಪಿನಲ್ಲಿ ಇಳೀಬೇಕು ಅಂತ ಇನ್ನೂ ಯಾರೂ ಹೇಳಿಲ್ಲ. ನಿಮಗೆ ಗೊತ್ತಿದ್ದರೆ ತಿಳಿಸಿ. ಬಸ್ಸುಗಳು ಕಮ್ಮಿ, ನಿಂತು ಕಾಲು ನೋಯುತ್ತೆ ಅನ್ನೋದು ಮಾತ್ರ ನಿಜ. ಅದಕ್ಕೆ ಇನ್ನೂ ಬಸ್ಸು ಬಿಡಿ ಅಂತ ಕೇಳೋಣ, ನಾನೂ ಸಹಿ ಹಾಕ್ತೀನಿ.

ಪ್ರಶ್ನೆ: ಮೇಡಂ, ಅಪ್ಪ ತೀರಿಕೊಂಡು ಎರಡು ವರ್ಷವಾಯ್ತು. ಪಿತ್ರಾರ್ಜಿತ ನಾಲ್ಕು ಎಕರೆ ತೆಂಗಿನ ತೋಟ ಇದೆ, ಇನ್ನೂ ಪಾಲಾಗಿಲ್ಲ. ನಾನೊಬ್ಬನೇ ಮಗ, ಮೂವರು ಅಕ್ಕಂದಿರು. ಸಾಲ ಮಾಡಿ ಮೂವರಿಗೂ ಮದುವೆ ಮಾಡಿದ್ದೇವೆ. ಇಬ್ಬರು ಹಕ್ಕು ಬಿಟ್ಟು ಸಹಿ ಹಾಕಿದರು. ಮೂರನೆಯವಳು ಆಗಲ್ಲ ಅಂತಾಳೆ. ಹೆಣ್ಣುಮಕ್ಕಳು ತವರಿನ ಆಸ್ತಿ ಕೇಳೋದು ನಮ್ಮ ಕಡೆ ಪದ್ಧತಿ ಇಲ್ಲ. ಹೇಗೆ ಒಪ್ಪಿಸಲಿ?
— ಓದುಗ, ತಿಪಟೂರು

ಒಪ್ಪಿಸೋಕೆ ದಾರಿ ಕೇಳಿಕೊಂಡು ತಪ್ಪು ಮನೆಗೆ ಬಂದಿದ್ದೀರಿ.

ಮೊದಲು ಕಾನೂನು, ಚುಟುಕಾಗಿ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಅಂತ ನಮ್ಮ ಕರ್ನಾಟಕ ಕೇಂದ್ರಕ್ಕಿಂತ ಮೊದಲೇ, 1994ರಲ್ಲಿ ತಿದ್ದುಪಡಿ ತಂದಿತ್ತು. ಅದಕ್ಕೂ ಮೊದಲೇ ಮದುವೆಯಾದವರನ್ನ ಮಾತ್ರ ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದ ಮೇಲೆ ಮದುವೆ ಯಾವಾಗ ಆಯ್ತು ಅನ್ನೋ ಪ್ರಶ್ನೆಯೇ ಹೋಯ್ತು. ಆ ದಿನಕ್ಕೆ ಅಪ್ಪ ಬದುಕಿರಲೇಬೇಕು ಅಂತಲೂ ಇಲ್ಲ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ಪಾಲಾಗಿದ್ದರೆ ಅದು ಹಾಗೇ ಉಳಿಯುತ್ತೆ. ನಿಮ್ಮದು ಪಾಲಾಗಿಲ್ಲ ಅಂತ ನೀವೇ ಬರೆದಿದ್ದೀರಿ. ಅಂದಮೇಲೆ ನಿಮ್ಮಕ್ಕ ನಿಮ್ಮದನ್ನ ಕೇಳುತ್ತಿಲ್ಲ, ತನ್ನದನ್ನ ಬಿಡಲ್ಲ ಅನ್ನುತ್ತಿದ್ದಾಳೆ. ಮಿಕ್ಕದ್ದನ್ನ ಕಾಗದಪತ್ರ ಹಿಡಿದುಕೊಂಡು ಹೋಗಿ ವಕೀಲರನ್ನೇ ಕೇಳಿ.

ಇನ್ನು ‘ಪದ್ಧತಿ ಇಲ್ಲ’ ಅನ್ನೋ ಮಾತು. ಹಾಸನ ದಾಟಿ ಶಿರಾಡಿ ಘಾಟಿ ಇಳಿದರೆ ತುಳುನಾಡು. ಅಲ್ಲಿ ಬಂಟರು ಮತ್ತು ಇನ್ನೂ ಕೆಲವು ಸಮುದಾಯಗಳಲ್ಲಿ ತಲೆತಲಾಂತರದಿಂದ ಅಳಿಯಸಂತಾನ ಇತ್ತು. ಮನೆತನ ಬೆಳೆಯುತ್ತಿದ್ದದ್ದು, ಆಸ್ತಿ ಇಳಿಯುತ್ತಿದ್ದದ್ದು ತಾಯಿಯಿಂದ ಮಗಳ ಕಡೆಗೆ. (ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇರುತ್ತಿತ್ತು ಅನ್ನಿ. ಬೀಗದ ಕೈಗೆ ಗಂಡಸರು ಎಲ್ಲಿದ್ದರೂ ಒಂದು ದಾರಿ ಕಂಡುಕೊಳ್ತಾರೆ.) ಅಲ್ಲಿ ಹುಟ್ಟಿದ್ದರೆ ‘ಮಗನಿಗೆ ಅಪ್ಪನ ಮನೆ ಆಸ್ತಿ ಸಿಗೋದು ನಮ್ಮ ಕಡೆ ಪದ್ಧತಿ ಇಲ್ಲ’ ಅಂತ ನೀವೇ ಕೇಳಿಸಿಕೊಳ್ಳಬೇಕಿತ್ತು. ಒಂದು ಘಾಟಿ ಇಳಿಯೋಷ್ಟರಲ್ಲಿ ತಿರುಗುಮುರುಗಾಗೋದು ದೇವರು ಬರೆದ ಪದ್ಧತಿ ಆಗಿರೋಕೆ ಸಾಧ್ಯನಾ?

ನಾನೂ ಸಹಿ ಹಾಕಿದವಳೇ. 1999ರಲ್ಲಿ. ಚನ್ನಗಿರಿ ಕಡೆ ಅಪ್ಪನ ಅಡಿಕೆ ತೋಟ. ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಪತ್ರ ಬರೆಯುವವರು ರೈಲು ಓಡಿಸಿದ ಹಾಗೆ ಓದಿದರು. ‘ಸ್ವಸಂತೋಷದಿಂದ’ ಅನ್ನೋದು ಮಾತ್ರ ಕಿವಿಗೆ ಬಿತ್ತು. ಯಾರೂ ಬಲವಂತ ಮಾಡಲಿಲ್ಲ, ನಿನಗೆ ಬೇಕಾ ಅಂತ ಕೇಳಲೂ ಇಲ್ಲ. ಆಮೇಲೆ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿ, ಅಣ್ಣ ಒಂದು ಇಳಕಲ್ ಸೀರೆ ಕೈಗಿಟ್ಟ. ನಾನು ಕಣ್ಣಿಗೊತ್ತಿಕೊಂಡೆ. ಆಗ ನನಗಿದ್ದ ಯೋಚನೆ ತೋಟದ್ದಲ್ಲ. ಸಹಿ ಹಾಕದಿದ್ದರೆ ಪಂಚಮಿಗೆ ಕರೆಯೋಕೆ ಅಣ್ಣ ಬರ್ತಾನೋ ಇಲ್ಲವೋ ಅನ್ನೋದೊಂದೇ. ಸೀರೆ ಈಗಲೂ ಬೀರುವಿನಲ್ಲಿದೆ, ಕೆಂಪು ಸೆರಗು. ಉಟ್ಟಿದ್ದು ಎರಡೇ ಸಲ.

ಸಹಿ ಹಾಕಿದ ಆ ಇಬ್ಬರು ಅಕ್ಕಂದಿರನ್ನ ಒಂದು ಮಾತು ಕೇಳಿ. ‘ಪಾಲು ತಗೊಂಡರೂ ಗೌರಿ ಹಬ್ಬಕ್ಕೆ ಬಾಗಿನ ಬರುತ್ತೆ ಅಂತ ಗೊತ್ತಿದ್ದರೆ ಹಾಕ್ತಿದ್ದಿರಾ?’ ಅಂತ. ಮದುವೆ ಸಾಲದ ಲೆಕ್ಕ ಹೇಳೋದಾದರೆ ನಿಮ್ಮ ಮದುವೆಯ ಖರ್ಚನ್ನೂ ಅದೇ ಚೀಟಿಯಲ್ಲಿ ಬರೆಯಿರಿ.

ಪ್ರಶ್ನೆ: ಮಗ ಎಂಟನೇ ತರಗತಿ. ಯಕ್ಷಗಾನ ಕಲಿಯುತ್ತಿದ್ದಾನೆ. ಗುರುಗಳು ಅವನಿಗೆ ಸ್ತ್ರೀವೇಷ ಕೊಟ್ಟಿದ್ದಾರೆ, ಅವನಿಗೂ ಇಷ್ಟ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ‘ಹೆಣ್ಣಿಗ’ ಅಂತ ಕರೆಯುತ್ತಾರಂತೆ. ಬಿಡಿಸಿಬಿಡಲೇ?
— ಒಬ್ಬ ತಂದೆ, ಕುಂದಾಪುರ

ಕುಂದಾಪುರದಲ್ಲಿ ಕೂತು ಈ ಪ್ರಶ್ನೆಯೇ! ಯಕ್ಷಗಾನದ ತೆಂಕು ಶೈಲಿಯ ಕೋಳ್ಯೂರು ರಾಮಚಂದ್ರ ರಾಯರು, ಬಡಗು ಶೈಲಿಯ ಮಂಟಪ ಪ್ರಭಾಕರ ಉಪಾಧ್ಯರು ಸ್ತ್ರೀವೇಷದಿಂದಲೇ ಹೆಸರಾದವರು. ನಿಮಗೆ ನಾನು ಹೇಳಬೇಕಾ? ರಾತ್ರಿ ಆಟ ನೋಡಿ ‘ಎಂಥ ದಾಕ್ಷಾಯಿಣಿ!’ ಅಂತ ತಲೆದೂಗುವ ಊರೇ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹಾಗೆ ಕರೆಯುತ್ತೆ. ನನಗೆ ಬೇಜಾರಾಗೋದು ಇನ್ನೊಂದಕ್ಕೆ. ಹೆಣ್ಣಿನ ಹಾಗೆ ಅನ್ನೋದು ಬೈಗುಳ ಅಂತ ಆ ಹುಡುಗರು ಎಲ್ಲಿ ಕಲಿತರು? ಅವರ ಮನೆಯಲ್ಲೂ ಅಮ್ಮ, ತಂಗಿ ಇರ್ತಾರಲ್ಲ.

ಗಂಡಸರು ಸೀರೆ ಉಟ್ಟು ರಂಗಕ್ಕೆ ಬರೋಕೆ ಯಾವತ್ತೂ ಅಡ್ಡಿ ಇರಲಿಲ್ಲ. ಹೆಂಗಸರು ಬರೋಕೆ ಇತ್ತು. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಬರೀ ಹೆಂಗಸರದ್ದೇ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ತಾವೇ ಮೀಸೆ ಹಚ್ಚಿಕೊಂಡು ಗದೆ ಹಿಡಿದು ಕಂಸ, ದುರ್ಯೋಧನ ಆದರು. 2012ರಲ್ಲಿ ಪದ್ಮಶ್ರೀ ಬಂತು. ಮಗನಿಗೆ ಅವರ ಕಥೆ ಹೇಳಿ. ಬಿಡಿಸೋದು ಬೇಡ. ಮುಂದಿನ ಆಟದ ದಿನ ನೀವು ಬಣ್ಣ ಹಚ್ಚೋ ಚೌಕಿಗೆ ಹೋಗಿ ಅವನ ಪಕ್ಕ ಕೂರಿ, ನಾಲ್ಕು ಜನ ನೋಡೋ ಹಾಗೆ.

ಪ್ರಶ್ನೆ: ಮೇಡಂ, ಮಗನಿಗೆ ಹದಿನೇಳು. ಚಿಕ್ಕವನಿದ್ದಾಗಿಂದ ನನ್ನ ಬಳೆ, ಸೀರೆ ಅಂದರೆ ಪ್ರಾಣ. ಹೋದ ತಿಂಗಳು ‘ಅಮ್ಮ, ನಾನು ಒಳಗಿಂದ ಹುಡುಗಿ’ ಅಂದ. ಅವರಪ್ಪ ಹೊಡೆದರು, ಮನೆ ಬಿಟ್ಟು ಹೋಗು ಅಂದರು. ಮೈದುನ ‘ಹುಲಿಗೆಮ್ಮನ ಹತ್ತಿರ ಮುತ್ತು ಕಟ್ಟಿಸಿ ದೇವಿಗೆ ಬಿಟ್ಟುಬಿಡಿ’ ಅಂತಾನೆ. ಮಗು ಸರಿಯಾಗಿ ಉಣ್ಣುತ್ತಿಲ್ಲ. ನಾನು ಬೆಳೆಸಿದ್ದರಲ್ಲೇ ತಪ್ಪಾಯ್ತಾ?
— ಊರು ಬೇಡ, ಬಳ್ಳಾರಿ ಕಡೆಯವಳು

ಬೆಳೆಸಿದ್ದರಲ್ಲಿ ತಪ್ಪಿಲ್ಲ ತಾಯಿ. ಬಳೆ ಮುಟ್ಟಿದ ಮಕ್ಕಳೆಲ್ಲ ಹೀಗಾಗಲ್ಲ, ಹೊಡೆದರೆ ಹೋಗೋದೂ ಅಲ್ಲ. 2014ರಲ್ಲೇ ಸುಪ್ರೀಂ ಕೋರ್ಟ್ ಇವರನ್ನ ತೃತೀಯ ಲಿಂಗ ಅಂತ ಒಪ್ಪಿದೆ. ಈ ಕಾರಣಕ್ಕೆ ಮಗುವನ್ನ ಅಪ್ಪ ಅಮ್ಮನಿಂದ ಬೇರೆ ಮಾಡಕೂಡದು ಅಂತ 2019ರ ಕಾಯ್ದೆಯಲ್ಲಿದೆ. ನಮ್ಮ ರಾಜ್ಯದಲ್ಲಿ 2021ರಿಂದ ಸರ್ಕಾರಿ ಕೆಲಸದಲ್ಲಿ ನೂರಕ್ಕೆ ಒಂದು ಮೀಸಲಾತಿಯೂ ಇದೆ. ಅದಕ್ಕೆಲ್ಲ ಓದು ಮುಗಿಯಬೇಕು. ಓದು ಮುಗಿಯೋಕೆ ಮಗು ಮನೇಲಿರಬೇಕು.

ನಿಮ್ಮ ಜಿಲ್ಲೆಯವರೇ ಮಂಜಮ್ಮ ಜೋಗತಿ. ಅವರಿಗೂ ಮನೆಯವರು ಮುತ್ತು ಕಟ್ಟಿಸಿದರು, ಮನೆ ತಪ್ಪಿತು, ಸಾಯೋಕೂ ಹೋಗಿದ್ದರು, ಭಿಕ್ಷೆ ಬೇಡಿದರು. ಆಮೇಲೆ ಜೋಗತಿ ನೃತ್ಯ ಕಲಿತು, ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ತಗೊಳ್ಳೋಕೆ ಹೋದಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನ ದೇಶವೇ ನೋಡಿತು. ಎಲ್ಲರೂ ಆ ಚಪ್ಪಾಳೆ ನೆನಪಿಟ್ಟುಕೊಂಡಿದ್ದಾರೆ. ನಿಮ್ಮ ಮೈದುನನಿಗೆ ನೀವು ನಡುವಿನ ವರ್ಷಗಳನ್ನ ಹೇಳಿ. ಮುತ್ತು ಕಟ್ಟಿಸೋದು ಆ ಮಗುವಿನ ಆಸೆಯಲ್ಲ, ಮನೆಯಿಂದ ಸಾಗಹಾಕೋಕೆ ದೊಡ್ಡವರು ಹುಡುಕಿದ ದಾರಿ.

ಉಣ್ಣುತ್ತಿಲ್ಲ ಅಂದಿರಲ್ಲ, ನನಗೆ ಅದೇ ಹೆದರಿಕೆ. ಒಂಟಿಯಾಗಿ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇವತ್ತು ರಾತ್ರಿ ಎಲ್ಲರ ಜೊತೆಗೇ ತಟ್ಟೆ ಹಾಕಿ. ಅವರಪ್ಪ ಎದ್ದು ಹೋದರೆ ಹೋಗಲಿ, ಹಸಿವಾದಾಗ ಬರ್ತಾರೆ. ಕಾಗದದ ಹಿಂದೆ ನಿಮ್ಮ ನಂಬರ್ ಬರೆದಿದ್ದೀರಿ. ಈ ಸಂಚಿಕೆ ಅಂಗಡಿಗೆ ಬರೋಷ್ಟರಲ್ಲಿ ನಾನೇ ಫೋನ್ ಮಾಡಿರ್ತೀನಿ. ಮಧ್ಯಾಹ್ನ ಎರಡರ ಮೇಲೆ, ನೀವೊಬ್ಬರೇ ಇರೋ ಹೊತ್ತಿಗೆ.